ಎಡಗೈಯ ಕತ್ತರಿ

ನಮ್ಮ ಮನೆಗೆ ಬರಬೇಕಾಗಿದ್ದದ್ದು ಬಟ್ಟೆ ಒಗೆಯುವ ಯಂತ್ರ; ಬಂದದ್ದು ಒಂದು ಕತ್ತರಿ.

ಹಳೆಯ ಯಂತ್ರ ಒಂದು ಭಾನುವಾರ ಬೆಳಿಗ್ಗೆ, ಹೊಟ್ಟೆ ತುಂಬ ಒದ್ದೆ ಹೊದಿಕೆಗಳನ್ನು ಇಟ್ಟುಕೊಂಡೇ ಕಣ್ಣು ಮುಚ್ಚಿತು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿ, ಇದಕ್ಕೆ ಸುರಿಯುವ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ ಎಂದು ಹೇಳಿ ಹೋದ. ನನ್ನ ಹೆಂಡತಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಹೆಚ್ಚುವರಿ ಪಾಳಿ ಮಾಡಿ ಕೂಡಿಟ್ಟ ಹಣ ಅವಳ ಹತ್ತಿರ ಇತ್ತು. ಅದರಲ್ಲಿ ತಂದರಾಯಿತು, ನಾನೇ ನೋಡಿಕೊಳ್ಳುತ್ತೇನೆ, ನೀವು ತಲೆ ಹಾಕಬೇಡಿ ಎಂದಳು. ನಾನು ತಲೆ ಹಾಕಲಿಲ್ಲ. ಅದೇ ತಪ್ಪಾಯಿತು ಎಂದು ಆಮೇಲೆ ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ಅದೇ ಒಳ್ಳೆಯದಾಯಿತು ಎಂದು ಈಗ ಹೇಳುತ್ತಿದ್ದೇನೆ.

ಒಂದು ವಾರ ಕಳೆಯಿತು, ಎರಡು ಕಳೆಯಿತು. ಯಂತ್ರ ಎಲ್ಲಿ ಎಂದರೆ, "ಹೇಳಿ ಬಂದಿದೀನಿ ರೀ, ಮಾಡ್ತಾ ಇದಾರೆ" ಎನ್ನುತ್ತಿದ್ದಳು. ಬಟ್ಟೆ ಒಗೆಯುವ ಯಂತ್ರವನ್ನು ಯಾರಾದರೂ ಕೂತು ನಮಗೋಸ್ಕರ ಮಾಡುತ್ತಾರೆಯೇ ಎಂಬ ಪ್ರಶ್ನೆ ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಅಷ್ಟು ದಿನ ಬಟ್ಟೆ ಕೈಯಲ್ಲೇ ಒಗೆದೆವು. ಹೊದಿಕೆ, ಪರದೆ, ಪ್ಯಾಂಟುಗಳು ನನ್ನ ಪಾಲಿಗೆ. ಹೆಂಡತಿಯ ಪಾಲಿಗೆ ಅವಳ ಸಮವಸ್ತ್ರ ಮತ್ತು ಉಳಿದದ್ದೆಲ್ಲ. ಕಾಲುಚೀಲ ಕರವಸ್ತ್ರಗಳು ಮಗಳ ಪಾಲಿಗೆ. ಮಗಳಿಗೆ ಹದಿನಾಲ್ಕು. ದಾರದ ಉಂಡೆಯ ಹಾಗೆ ಒಂದು ತುದಿ ಎಳೆದರೆ ಸಾಕು, ಮಾತು ಬಿಚ್ಚಿಕೊಂಡು ಬರುತ್ತಲೇ ಇರುತ್ತದೆ ಎಂದು ಅವಳ ಅಜ್ಜಿ ಅವಳಿಗೆ ರೀಲು ಎಂದು ಹೆಸರಿಟ್ಟಿದ್ದಳು. ಅಮ್ಮನಿಗೆ ಮಾತ್ರ ಒಗೆಯುವ ಕೆಲಸ ಕೊಡುವ ಹಾಗಿರಲಿಲ್ಲ. ಅವಳ ಎಡಗೈ ಹೆಬ್ಬೆರಳಿನ ಬುಡ ಊದಿಕೊಂಡು, ಒಂದು ಕರವಸ್ತ್ರ ಹಿಂಡಿದರೂ ಜೀವ ಹೋದಂತಾಗುತ್ತಿತ್ತು.

ಅಮ್ಮ ಬಟ್ಟೆ ಹೊಲಿಯುವವಳು. ಹತ್ತೊಂಬತ್ತನೆಯ ವಯಸ್ಸಿನಿಂದ ಅದೇ ಕೆಲಸ. ಬೀದಿಗೆ ಮುಖ ಮಾಡಿದ ಕೋಣೆಯ ಕಿಟಕಿಯ ಕೆಳಗೆ ಅವಳ ಯಂತ್ರ, ಪಕ್ಕದಲ್ಲಿ ಕತ್ತರಿಸುವ ಮೇಜು, ಮೇಜಿನ ಮೇಲೆ ಸೀಮೆಸುಣ್ಣ, ಅಳತೆಪಟ್ಟಿ ಮತ್ತು ಕತ್ತರಿ. ನನ್ನ ಓದು, ನನ್ನ ಮದುವೆ, ಈ ಮನೆಯ ಅರ್ಧ ಗೋಡೆ ಎಲ್ಲವೂ ಆ ಮೇಜಿನಿಂದ ಬಂದದ್ದು. ಅಪ್ಪ ಬೇಗ ಹೋದರು. ಅಮ್ಮ ಹುಟ್ಟಾ ಎಡಗೈಯವಳು. ಕೆಲಸ ಕಲಿಸಿದ ಅವಳ ಸೋದರತ್ತೆ ಬಲಗೈಯವಳು, ಕೊಟ್ಟ ಕತ್ತರಿಯೂ ಆಕೆಯದೇ. ಕೈ ಯಾವುದಾದರೇನು, ಬಟ್ಟೆ ತುಂಡಾದರೆ ಸರಿ ಎಂದು ಆಕೆ ಹೇಳಿದ್ದಳಂತೆ. ನಲವತ್ತಮೂರು ವರ್ಷ ಅದೇ ಕತ್ತರಿಯಲ್ಲಿ ಬಟ್ಟೆ ತುಂಡಾಗುತ್ತಾ ಬಂತು, ಅದರ ಜೊತೆಗೆ ಹೆಬ್ಬೆರಳೂ ಹಾಳಾಗುತ್ತಾ ಬಂತು. ಆರು ತಿಂಗಳು ಕತ್ತರಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಬಂದ ಕೆಲಸವನ್ನೆಲ್ಲ ವಾಪಸು ಕಳಿಸತೊಡಗಿದಳು.

ಆಗ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಅಮ್ಮ ಚಹಾ ಬೇಕಾದರೆ "ಸ್ವಲ್ಪ ಹಾಲು ತಗೊಳ್ಳಲಾ?" ಎಂದು ಸೊಸೆಯನ್ನು ಕೇಳುತ್ತಿದ್ದಳು. ಊಟಕ್ಕೆ ಎರಡನೇ ಸಲ ಬಡಿಸಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಮೂವತ್ತು ವರ್ಷ ಈ ಅಡಿಗೆಮನೆಯನ್ನು ಆಳಿದವಳು ತನ್ನದೇ ಮನೆಯಲ್ಲಿ ನೆಂಟರ ಹಾಗೆ ಓಡಾಡತೊಡಗಿದಳು. ನನ್ನ ಕಣ್ಣಿಗೆ ಇದು ಬೀಳಲಿಲ್ಲ. ಹೆಂಡತಿಯ ಕಣ್ಣಿಗೆ ಬಿತ್ತು.

ಮೂರು ವಾರವಾದ ಮೇಲೆ ಒಂದು ಸಂಜೆ, ಊಟದ ತಟ್ಟೆಗಳ ನಡುವೆ ಅವಳು ಒಂದು ಉದ್ದನೆಯ ರಟ್ಟಿನ ಡಬ್ಬಿಯನ್ನು ಅಮ್ಮನ ಮುಂದೆ ಇಟ್ಟಳು. ಒಳಗೆ ಎಣ್ಣೆ ಕಾಗದ, ಅದರೊಳಗೆ ಕತ್ತರಿ. ಮಿರಮಿರ ಮಿಂಚುವ ಅಲಗೇನೂ ಅಲ್ಲ, ಮಂಕು ಬೂದು ಬಣ್ಣದ್ದು. ಹೆಬ್ಬೆರಳಿನ ಉಂಗುರಕ್ಕೆ ಒಳಗಿನಿಂದ ತೊಗಲು ಸುತ್ತಿತ್ತು.

"ಅತ್ತೆ, ಇದು ಎಡಗೈದು. ನಿಮ್ಮ ಕೈ ಅಳತೆಗೇ ಮಾಡಿಸಿದ್ದು. ಡಾಕ್ಟರನ್ನೂ ಕೇಳಿದೀನಿ, ಇದಾದ್ರೆ ಪರವಾಗಿಲ್ಲ ಅಂದ್ರು."

ಅಮ್ಮ ಬೆರಳು ತೂರಿಸಿದಳು. ಊದಿದ ಗೆಣ್ಣನ್ನು ಎಲ್ಲೂ ಒತ್ತದೆ ಉಂಗುರ ಕೂತುಕೊಂಡಿತು. ಅಳತೆ ಹೇಗೆ ಸಿಕ್ಕಿತು ಎಂದು ಕೇಳಿದಳು. ಡಾಕ್ಟರು ಹಿಟ್ಟು ಹಿಸುಕಲು ಹೇಳಿದ್ದಾರೆ ಎಂದು ಸೊಸೆ ಒಂದು ದಿನ ನಾದಿದ ಹಿಟ್ಟಿನ ಮುದ್ದೆಯನ್ನು ಅಮ್ಮನ ಕೈಗೆ ಕೊಟ್ಟಿದ್ದಳು. ಡಾಕ್ಟರ ಮಾತು ಬರೀ ನೆಪ; ಆ ಮುದ್ದೆಯೇ ಬೆರಳ ಗುರುತಿನ ಸಮೇತ ಊಟದ ಡಬ್ಬಿಯಲ್ಲಿ ಕೂತು ಕತ್ತರಿ ಮಾಡುವವರ ಮನೆಗೆ ಹೋಗಿತ್ತಂತೆ. ಅಮ್ಮ ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ರೀಲು ಚಪ್ಪಾಳೆ ತಟ್ಟಿದಳು.

"ಮಷೀನು ಯಾವಾಗ ಬರುತ್ತೆ?" ಎಂದೆ.

"ಬಂದಿದೆಯಲ್ಲ" ಎಂದು ಹೆಂಡತಿ ಕತ್ತರಿಯತ್ತ ನೋಡಿದಳು.

ಬೆಲೆ ಕೇಳಿದೆ. ಹೇಳಿದಳು. ಕಲಸಿದ ತುತ್ತನ್ನು ತಟ್ಟೆಗೆ ಇಳಿಸಿದೆ. ನಾನು ಮನೆಬಳಕೆಯ ಸಾಮಾನಿನ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಮಾರಾಟ ಮಾಡುವವನು. ಬಕೆಟ್ಟು, ಬೀಗ, ಚಾಕು, ಕತ್ತರಿ ಎಲ್ಲ ಮಾರಿದವನು. ಆ ದುಡ್ಡಿಗೆ ನಮ್ಮಲ್ಲಿ ಒಂದು ಗೋಣಿಚೀಲ ಕತ್ತರಿ ಬರುತ್ತದೆ. ಹಾಗೆಂದು ಹೇಳಿಯೂಬಿಟ್ಟೆ.

"ಗೋಣಿಚೀಲದಲ್ಲಿ ಎಡಗೈದು ಒಂದಿದ್ರೆ ನಾಳೆ ತನ್ನಿ. ಇದನ್ನ ವಾಪಸ್ ಕೊಟ್ಟು ಬರ್ತೀನಿ" ಎಂದಳು.

ಮಾರನೆಯ ದಿನ ಗೋದಾಮಿನಲ್ಲಿ ಪೆಟ್ಟಿಗೆ ಪೆಟ್ಟಿಗೆ ತೆಗೆದು ನೋಡಿದೆ. ಎರಡೂ ಕೈಗೆ ಆಗುತ್ತದೆ ಎಂದು ಚೀಟಿ ಅಂಟಿಸಿದ್ದು ಒಂದು ಸಿಕ್ಕಿತು. ಹುಮ್ಮಸ್ಸಿನಿಂದ ಮನೆಗೆ ತಂದೆ. ಹಿಡಿಕೆಯೇನೋ ಎರಡೂ ಕೈಗೆ ಆಗುತ್ತಿತ್ತು, ಅಲಗು ಮಾತ್ರ ಎಲ್ಲ ಕತ್ತರಿಗಳ ಹಾಗೆ ಬಲಗೈಯದೇ. ಕತ್ತರಿಯ ಅಲಗಿಗೂ ಎಡ ಬಲ ಇದೆ ಎಂದು ಇಷ್ಟು ವರ್ಷ ಮಾರಿದ ನನಗೆ ಗೊತ್ತಿರಲಿಲ್ಲ. ಸೋತವನು ಸುಮ್ಮನಿರಬೇಕಿತ್ತು. ನಾನು ಸುಮ್ಮನಿರಲಿಲ್ಲ. ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತು ಹೊದಿಕೆ ಹಿಂಡುವಾಗಲೆಲ್ಲ, ಎಲ್ಲರಿಗೂ ಕೇಳುವಷ್ಟು ಜೋರಾಗಿ, ಕತ್ತರಿಯಿಂದ ಬಟ್ಟೆ ಒಗೆಯುವುದು ಹೇಗೆ ಎಂದು ಕೇಳುತ್ತಿದ್ದೆ. ಹೆಂಡತಿ ಒಂದು ದಿನ ತಡೆದುಕೊಂಡಳು, ಎರಡು ದಿನ ತಡೆದುಕೊಂಡಳು, ಮೂರನೆಯ ದಿನ ತನ್ನ ಸಮವಸ್ತ್ರವನ್ನೂ ನನ್ನ ಬಕೆಟ್ಟಿಗೆ ಹಾಕಿ ಹೊರಟುಹೋದಳು.

ಅಮ್ಮ ಕೆಲಸ ಮತ್ತೆ ತೆಗೆದುಕೊಳ್ಳತೊಡಗಿದಳು. ಎದುರುಮನೆಯವರ ದಿಂಬಿನ ಚೀಲ, ಯಾರದೋ ಫ್ರಾಕು. ಸೊಸೆ ಕೇಳಿದರೆ ಕತ್ತರಿ ಬೆಣ್ಣೆಯ ಹಾಗೆ ಹೋಗುತ್ತದೆ ಎನ್ನುತ್ತಿದ್ದಳು. ಆದರೂ ರಾತ್ರಿ ಊಟದ ಹೊತ್ತಿಗೆ ಹೆಬ್ಬೆರಳು ಕೆಂಪಾಗಿರುತ್ತಿತ್ತು. ಮುಲಾಮು ಹಚ್ಚುತ್ತಾ ಹೆಂಡತಿ, ಊತ ಇಳಿಯುವುದಕ್ಕೆ ಸಮಯ ಬೇಕು ಅತ್ತೆ ಎನ್ನುತ್ತಿದ್ದಳು. ಅಮ್ಮ ಹೌದು ಹೌದು ಎನ್ನುತ್ತಿದ್ದಳು.

ಗುಟ್ಟು ಗೊತ್ತಿದ್ದದ್ದು ರೀಲುವಿಗೆ. ಶಾಲೆಯಿಂದ ಬೇಗ ಬಂದ ಒಂದು ದಿನ, ಅಜ್ಜಿ ಹಳೆಯ ಕತ್ತರಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದದ್ದನ್ನು ಅವಳು ನೋಡಿದ್ದಳು. ಕುರ್ಚಿಯ ದಿಂಬಿನ ಕೆಳಗೆ ಅದರ ಅಡಗುತಾಣ. ಬಾಗಿಲ ಚಿಲಕದ ಸದ್ದು ಕೇಳಿದರೆ ಹಳೆಯದು ದಿಂಬಿನ ಕೆಳಗೆ, ಹೊಸದು ಕೈಗೆ. ಯಾರಿಗೂ ಹೇಳಬೇಡ ಎಂದು ಅಜ್ಜಿ ಆಣೆ ಹಾಕಿಸಿಕೊಂಡಿದ್ದಳು. ನಮ್ಮ ರೀಲು ಹನ್ನೊಂದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಎಂದರೆ ಅಜ್ಜಿಯ ಮೇಲೆ ಅವಳಿಗೆ ಎಷ್ಟು ಪ್ರೀತಿ ಇರಬೇಕು ಎಂದು ನೀವೇ ಲೆಕ್ಕ ಹಾಕಿ.

ಹನ್ನೆರಡನೆಯ ದಿನ ಹೆಂಡತಿಗೆ ರಜೆ. ಬೇಕರಿಯ ಯಜಮಾನಿ ತಮ್ಮ ಮಗಳಿಗೆ ಹೊಸ ಕೆಲಸ ಸಿಕ್ಕಿದೆ ಎಂದು ಕೋಟಿಗೆ ಕಡುನೀಲಿ ಬಟ್ಟೆ ಕೊಟ್ಟಿದ್ದರು. ಅಮ್ಮ ಗೆರೆ ಎಳೆದು ಮುಗಿಸಿದ್ದಳು. ನಾನೂ ಒಂದು ಸಲ ಕೂತು ನೋಡುತ್ತೇನೆ ಅತ್ತೆ ಎಂದು ಹೆಂಡತಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು. ಕೂತದ್ದು ದಿಂಬಿರುವ ಕುರ್ಚಿಯಲ್ಲೇ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ. ಹೊಸ ಕತ್ತರಿ ತೆಗೆದುಕೊಂಡು ತೋಳಿನ ಗೆರೆಯ ಮೇಲೆ ಇಟ್ಟಳು. ಬಟ್ಟೆ ತುಂಡಾಗುವ ಬದಲು ಎರಡು ಅಲಗುಗಳ ನಡುವೆ ಮಡಚಿಕೊಂಡಿತು. ಒತ್ತಿದಳು. ಅಲಗು ಜಾರಿ, ಗೆರೆ ಬಿಟ್ಟು ಒಂದು ಬೆರಳಗಲ ಒಳಕ್ಕೆ ಹೋಯಿತು.

ನಾನು ಅಂಗಡಿಯಿಂದ ಬಂದಾಗ ನೀಲಿ ಬಟ್ಟೆ ಮೇಜಿನ ಮೇಲೆ ಹಾಗೇ ಇತ್ತು. ಎರಡೂ ಕತ್ತರಿಗಳು ಅಕ್ಕಪಕ್ಕ ಇದ್ದವು. ದಿಂಬು ನೆಲದ ಮೇಲಿತ್ತು. ಊಟಕ್ಕೆ ಹುರಿದ ಆಲೂಗಡ್ಡೆ, ತಣ್ಣಗಾದ ಅನ್ನ; ಯಾರೂ ಬಿಸಿ ಮಾಡಿರಲಿಲ್ಲ.

"ಇದು ನನ್ನ ಕೈ ಮಾತು ಕೇಳ್ತಾ ಇಲ್ಲ ಕಣೋ" ಎಂದಳು ಅಮ್ಮ, ನನ್ನ ಮುಖ ನೋಡದೆ. "ಅವಳು ಅಷ್ಟು ಆಸೆಯಿಂದ ತಂದಿದಾಳೆ. ಹೇಗೆ ಹೇಳ್ಲಿ ಅಂತ ಇಷ್ಟು ದಿನ ಮುಚ್ಚಿಟ್ಟೆ."

ನನ್ನೊಳಗೆ ಒಬ್ಬ ಕಿಡಿಗೇಡಿ ಇದ್ದಾನೆ, ಅವನಿಗೆ ಆ ಹೊತ್ತಿನಲ್ಲಿ ಖುಷಿಯಾಯಿತು ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ಒಂದು ತಿಂಗಳೊಳಗೆ ವಾಪಸು ಕೊಡಬಹುದು ಎಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿತ್ತು. ನಾಳೆಯೇ ಕೊಟ್ಟು ಬರುತ್ತೇನೆ ಎಂದೆ. ಹೆಸರು ದೊಡ್ಡದು, ಬೆಲೆ ದೊಡ್ಡದು, ಕೈಯಿಂದ ಮಾಡಿದ್ದು ಅಂದ ಮಾತ್ರಕ್ಕೆ ತಲೆ ಮೇಲೆ ಹೊತ್ತುಕೊಳ್ಳಬೇಕಾ ಎಂದು ಇನ್ನೂ ಏನೇನೋ ಅಂದೆ. ಹೆಂಡತಿ ಎದ್ದು ಹೋಗಿ ನಾನು ಒಗೆದು ಹಾಕಿದ್ದ ಬಟ್ಟೆಗಳನ್ನು ತಂತಿಯಿಂದ ತೆಗೆದು, ಒಣಗಿದ್ದನ್ನೂ ಒಣಗದ್ದನ್ನೂ ಸೇರಿಸಿ ಮಡಚುತ್ತಾ ಕೂತಳು.

ವಾಪಸು ಕೊಡುವುದಕ್ಕೆ ನಾನೂ ಬರುತ್ತೇನೆ ಎಂದಳು ಅಮ್ಮ. ಅಷ್ಟು ಮುತುವರ್ಜಿಯಿಂದ ಮಾಡಿದ ಸಾಮಾನನ್ನು ಒಂದು ಮಾತೂ ಆಡದೆ ಹಿಂದೆ ಕಳಿಸಬಾರದು, ಮಾಡಿದವರಿಗೆ ಎದುರಿಗೇ ಹೇಳಬೇಕು ಎಂದು ಅವಳ ಹಟ. ಹೊಲಿದ ಬಟ್ಟೆಯನ್ನು ಕೆಲಸದವರ ಕೈಯಲ್ಲಿ ವಾಪಸು ಕಳಿಸುವ ಗಿರಾಕಿಗಳನ್ನು ಕಂಡವಳು ಅವಳು.

ಕತ್ತರಿ ಮಾಡುವ ಜಾಗ ಒಂದು ಮೋಟಾರು ಗ್ಯಾರೇಜಿನ ಹಿಂದಿನ ಓಣಿಯಲ್ಲಿತ್ತು. ತಗಡಿನ ಮಾಡು, ಎರಡು ಸಾಣೆಕಲ್ಲು, ನೀರಿನ ಬಾನಿ, ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಒಂಟಿ ಅಲಗುಗಳು. ಒಳಗಿದ್ದದ್ದು ಒಬ್ಬ ಹೆಂಗಸು. ಐವತ್ತು ದಾಟಿರಬೇಕು, ಗಟ್ಟಿಮುಟ್ಟು ಆಳು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದರು. ನಾವು ಹೋದಾಗ ಅವರು ಎರಡು ಅಲಗುಗಳನ್ನು ಜೋಡಿಸಿ, ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಮುಚ್ಚುತ್ತಿದ್ದರು. ಸದ್ದು ಎಲ್ಲೋ ಹಿಡಿಸಲಿಲ್ಲ. ಒಂದು ಅಲಗನ್ನು ಬಿಚ್ಚಿ ಮೂಲೆಯ ಡಬ್ಬಕ್ಕೆ ಎಸೆದರು. ಡಬ್ಬದಲ್ಲಿ ಆಗಲೇ ಎಂಟೋ ಹತ್ತೋ ಇದ್ದವು. ನನ್ನ ಕಣ್ಣಿಗೆ ಅವೆಲ್ಲ ಹೊಚ್ಚಹೊಸವು. ನಮ್ಮ ಅಂಗಡಿಯಲ್ಲಿ ತುಕ್ಕು ಹಿಡಿದದ್ದನ್ನೂ ಒರೆಸಿ ಮಾರುತ್ತೇವೆ.

ವಾಪಸು ಎಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅವರು ಅಮ್ಮನ ಹೆಬ್ಬೆರಳನ್ನು ನೋಡಿ ಗುರುತು ಹಿಡಿದಿದ್ದರು. ಹಿಟ್ಟಿನ ಮುದ್ದೆಯ ಅಮ್ಮ ನೀವೇ ಅಲ್ಲವೇ ಎಂದು ಕೇಳಿ, ಸ್ಟೂಲು ಒರೆಸಿ ಕೂರಿಸಿದರು. ಒಂದು ಚಿಂದಿ ಕೊಟ್ಟು ಕತ್ತರಿಸಿ ತೋರಿಸಿ ಎಂದರು. ಅಮ್ಮ ಕತ್ತರಿಸಿದಳು. ಬಟ್ಟೆ ಮತ್ತೆ ಮಡಚಿಕೊಂಡಿತು. ಅವರು ಅಲಗನ್ನು ನೋಡಲಿಲ್ಲ, ಅಮ್ಮನ ಕೈಯನ್ನೇ ನೋಡುತ್ತಿದ್ದರು.

"ಹಳೇ ಕತ್ತರಿ ತಂದಿದೀರಾ?"

ಅಮ್ಮ ನಾಲಿಗೆ ಕಚ್ಚಿಕೊಂಡಳು. ತಂದಿದ್ದಳು, ಕೈಚೀಲದ ತಳದಲ್ಲಿ, ಟವೆಲಿನಲ್ಲಿ ಸುತ್ತಿ. ಅದರಲ್ಲಿ ಕತ್ತರಿಸಿದಾಗ ಚಿಂದಿ ನೆಟ್ಟಗೆ ಎರಡಾಯಿತು. ಇನ್ನೊಂದು ಸಲ, ಇನ್ನೂ ನಿಧಾನವಾಗಿ ಎಂದರು ಆಕೆ. ಆಮೇಲೆ ಕೇಳಿದರು, "ಕುತ್ತಿಗೆ ಬಲಗಡೆಗೂ ನೋವು ಇದೆಯಲ್ವಾ ಅಮ್ಮ?"

ಅಮ್ಮ ಬೆಚ್ಚಿ ನನ್ನ ಮುಖ ನೋಡಿದಳು. ಅದು ಡಾಕ್ಟರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಗೆರೆ ಕಾಣಲ್ಲ, ಅಲಗು ಅಡ್ಡ ಬರುತ್ತೆ. ಅದಕ್ಕೆ ಕುತ್ತಿಗೆ ಚಾಚಿ ಆಚೆ ಕಡೆಯಿಂದ ಬಗ್ಗಿ ನೋಡ್ತೀರಿ. ಇನ್ನು ಬೆರಳು. ಬಲಗೈಯವರ ಕತ್ತರಿ ಎಡಗೈಲಿ ಹಿಡಿದ್ರೆ, ಮುಚ್ಚುವಾಗ ಅಲಗು ಒಂದನ್ನೊಂದು ಬಿಟ್ಟು ಸರಿಯುತ್ತೆ. ಸರೀದೇ ಇರ್ಲಿ ಅಂತ ಹೆಬ್ಬೆರಳನ್ನ ಒಳಗೆ ಎಳ್ಕೊಂಡು ಎಳ್ಕೊಂಡು ಎರಡನ್ನೂ ಒತ್ತಿ ಹಿಡೀತಾ ಬಂದಿದೀರಿ. ಒಂದೊಂದು ಸಲಾನೂ. ಈ ಕತ್ತರೀಲಿ ಹಾಗೆ ಎಳೆದ್ರೆ ಉಲ್ಟಾ ಆಗುತ್ತೆ, ಅಲಗು ಬಿಟ್ಕೊಳ್ಳುತ್ತೆ. ಕಣ್ಣೂ ಹಳೇ ಅಭ್ಯಾಸದಲ್ಲೇ ನೋಡುತ್ತೆ, ಅದಕ್ಕೇ ಗೆರೆ ತಪ್ಪುತ್ತೆ."

ಅಮ್ಮ ತನ್ನ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತಿದ್ದಳು. "ಇಷ್ಟು ವರ್ಷ ನನ್ನ ಕೈಯೇ ಮೊಂಡು ಅಂದ್ಕೊಂಡಿದ್ದೆ" ಎಂದಳು.

"ಮೊಂಡು ಕೈ ಆಗಿದ್ರೆ ಆ ಕತ್ತರೀಲಿ ಒಂದು ದಿನಾನೂ ಕೆಲಸ ಮಾಡಕ್ಕಾಗ್ತಿರ್ಲಿಲ್ಲ ಅಮ್ಮ."

ಆಕೆ ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಅವರ ಪದ್ಧತಿಯೇ ಬೇರೆಯಂತೆ. ಕತ್ತರಿ ಬೇಕು ಎಂದವರನ್ನು ಮೊದಲು ಎದುರಿಗೆ ಕೂರಿಸಿ, ಕತ್ತರಿಸುವುದನ್ನು ನೋಡಿಯೇ ಕೆಲಸ ಶುರು ಮಾಡುವುದು. ಅತ್ತೆಗೆ ಮೊದಲೇ ತಿಳಿಯಬಾರದು ಎಂದು ನಿಮ್ಮ ಸೊಸೆ ಅಷ್ಟು ಕೇಳಿಕೊಂಡರು, ಅವರ ಸಂತೋಷ ನೋಡಿ ಒಪ್ಪಿದೆ, ಒಪ್ಪಬಾರದಿತ್ತು ಎಂದರು. ದುಡ್ಡು ಬೇಕಾದರೆ ಈಗಲೇ ಕೊಡುತ್ತೇನೆ ಎಂದು ಪೆಟ್ಟಿಗೆಯ ಬೀಗದ ಕೈಯನ್ನೂ ತೆಗೆದರು.

ಇಷ್ಟೊಂದು ಬೆಲೆ ಯಾಕೆ ಎಂದು ಕೇಳಬೇಕು ಎಂದು ನಾನು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಕೇಳಿದೆ, ಆದರೆ ಹೊಂದಿಸಿದ್ದಕ್ಕಿಂತ ಮೆತ್ತಗೆ. ಒಂದು ಕತ್ತರಿಗೆ ಆರು ದಿನ ಹಿಡಿಯುತ್ತದೆ ಎಂದರು. ಎಡಗೈಯದಕ್ಕೆ ಅಚ್ಚು ಕೂಡ ಬೇರೆ, ವರ್ಷಕ್ಕೆ ನಾಲ್ಕು ಜನ ಕೇಳಿದರೆ ಹೆಚ್ಚು. ಆಮೇಲೆ ನಗುತ್ತಾ ಕಿಟಕಿಯತ್ತ ಕೈ ತೋರಿಸಿದರು. ಅಲ್ಲಿ ಮೊಳೆಗೆ ಒಂದು ಕೆಂಪು ಹಿಡಿಕೆಯ ಕತ್ತರಿ ನೇತಾಡುತ್ತಿತ್ತು. ನಮ್ಮ ಅಂಗಡಿಯ ಮಾಲು, ನನಗೆ ಗುರುತು ಸಿಗದೇ ಇರುತ್ತದೆಯೇ.

"ಹಾಲಿನ ಪ್ಯಾಕೆಟ್ಟಿಗೆ ನಾನೂ ಅದನ್ನೇ ಇಟ್ಕೊಂಡಿದೀನಿ. ಅದಕ್ಕೆ ಅದು ಸಾಕು. ಎಲ್ಲರಿಗೂ ನನ್ನದು ಬೇಡ. ಯಾರಿಗೆ ಬೇಕೋ ಅವರಿಗೆ ಮಾತ್ರ."

ಬೇರೆ ಮಾಲಿನ ನಿಂದೆ ಮಾಡದ ವ್ಯಾಪಾರಸ್ಥರನ್ನು ನಾನು ನೋಡಿದ್ದು ಅದೇ ಮೊದಲು. ಹೊಂದಿಸಿಕೊಂಡಿದ್ದ ಉಳಿದ ಮಾತುಗಳು ಮರೆತೇಹೋದವು.

ಅಮ್ಮ ಒಂದೇ ಕೇಳಿದಳು, ಈ ವಯಸ್ಸಿನಲ್ಲಿ ಕೈ ತಿದ್ದಿಕೊಳ್ಳುತ್ತದೆಯೇ ಎಂದು. ತಿದ್ದಿಕೊಳ್ಳಬಹುದು, ಭರವಸೆ ಕೊಡುವುದಿಲ್ಲ ಎಂದರು ಆಕೆ. ಆದರೆ ಒಂದು ಷರತ್ತು. ಹಳೆಯ ಕತ್ತರಿಯನ್ನು ಇಲ್ಲಿ ಬಿಟ್ಟು ಹೋಗಬೇಕು. ಅದು ಮನೆಯಲ್ಲಿದ್ದರೆ ಕೈ ಅದರ ಹತ್ತಿರವೇ ಹೋಗುತ್ತದೆ. ಮೂರು ವಾರ ಬರೀ ಹಳೆಯ ಪೇಪರು, ಆಮೇಲೆ ಚಿಂದಿ. ಅಷ್ಟರಲ್ಲಿ ಕೂಡಿಬರದಿದ್ದರೆ ಬಂದು ಹಳೆಯ ಕತ್ತರಿ ತೆಗೆದುಕೊಳ್ಳಿ, ದುಡ್ಡೂ ತೆಗೆದುಕೊಳ್ಳಿ, ತಿಂಗಳು ದಾಟಿದ್ದರೂ ಪರವಾಗಿಲ್ಲ.

ಅಮ್ಮ ಹಳೆಯ ಕತ್ತರಿಯನ್ನು ಮಡಿಲಿಂದ ಎತ್ತಿಕೊಂಡಳು. ಹಿಡಿಕೆಯ ಕಪ್ಪು ಬಣ್ಣವೆಲ್ಲ ಅವಳ ಬೆರಳಿಗೆ ಸವೆದುಹೋಗಿತ್ತು. ಅದು ಕೈ ಬಿಟ್ಟರೆ ಮೂರು ವಾರ ದಿಂಬಿನ ಚೀಲವನ್ನೂ ಕತ್ತರಿಸುವ ಹಾಗಿಲ್ಲ, ಹೊಸದು ಒಲಿಯದಿದ್ದರೆ ಆಮೇಲೂ ಡಾಕ್ಟರು ಹಳೆಯದನ್ನು ಮುಟ್ಟಗೊಡುವುದಿಲ್ಲ. ಮುಂದೆ ಹಾಲಿಗೂ ಕೇಳಿಕೊಂಡೇ ಬದುಕಬೇಕು. ಅಮ್ಮ ಅದನ್ನು ಟವೆಲಿನಲ್ಲಿ ಸುತ್ತಿ ಆಕೆಯ ಮೇಜಿನ ಮೇಲೆ ಇಟ್ಟಳು.

ಮನೆಗೆ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೂತಿದ್ದರು. ನಿನ್ನ ಮನಸ್ಸು ನೋಯುತ್ತದೆ ಎಂದು ಸುಳ್ಳು ಹೇಳಿದೆ, ಹೊಟ್ಟೆಗೆ ಹಾಕಿಕೋ ಎಂದಳು ಅಮ್ಮ. "ನಾನೂ ಹಿಟ್ಟಿನ ಸುಳ್ಳು ಹೇಳಿದ್ದೆ ಅತ್ತೆ, ಸರಿಗೆ ಸರಿ ಆಯ್ತು" ಎಂದಳು ಹೆಂಡತಿ. ಬೇಕರಿಯ ಯಜಮಾನಿಗೆ ಅಮ್ಮ ತಾನೇ ಹೋಗಿ ತಪ್ಪು ಒಪ್ಪಿಕೊಂಡಳು. ಆಕೆ ಒಂದು ಗಳಿಗೆ ಮುಖ ಚಿಕ್ಕದು ಮಾಡಿಕೊಂಡರೂ, ಮಗಳು ಕೆಲಸಕ್ಕೆ ಸೇರುವುದು ಮುಂದಿನ ತಿಂಗಳು, ಅಷ್ಟರಲ್ಲಿ ಆದರೆ ಸಾಕು, ಬಟ್ಟೆ ಇಬ್ಬರೂ ಅರ್ಧರ್ಧ ಹಾಕಿಕೊಂಡು ತರೋಣ ಎಂದರು. ಬರುವಾಗ ಒಂದು ಬ್ರೆಡ್ಡನ್ನೂ ಕೈಗಿಟ್ಟರು. ಅಂಥ ಮನುಷ್ಯರು ನಮ್ಮ ಬೀದಿಯಲ್ಲೇ ಇದ್ದಾರೆ ಎಂಬುದು ನನಗೆ ಬ್ರೆಡ್ಡು ತಿನ್ನುವಾಗ ತಿಳಿಯಿತು.

ಆಮೇಲಿನ ಮೂರು ವಾರ ನಮ್ಮದು ಕಾಗದ ಕತ್ತರಿಸುವ ಕಾರ್ಖಾನೆ. ರೀಲು ಸಂಜೆ ಹಳೆಯ ಪೇಪರುಗಳ ಮೇಲೆ ಗೆರೆ ಎಳೆಯುವುದು, ಬೆಳಿಗ್ಗೆ ಅಜ್ಜಿ ಕತ್ತರಿಸುವುದು. ಮೊದಲು ನೆಟ್ಟನೆಯ ಗೆರೆ, ಆಮೇಲೆ ಡೊಂಕು, ಆಮೇಲೆ ಕಾಲರಿನ ಸುತ್ತು. ಮೊದಲ ವಾರ ಎಲ್ಲ ಹರಿದು ಚಿಂದಿ. ರೀಲು ಪಕ್ಕದಲ್ಲೇ ನಿಂತು "ಅಜ್ಜಿ, ಬೆರಳು ಎಳೀಬೇಡ. ಅಜ್ಜಿ, ಬಗ್ಗಬೇಡ" ಎನ್ನುತ್ತಿದ್ದಳು. ನಲವತ್ತಮೂರು ವರ್ಷ ಕೆಲಸ ಮಾಡಿದವಳು ಹದಿನಾಲ್ಕರ ಹುಡುಗಿಯಿಂದ ಬೈಸಿಕೊಂಡು ತಲೆಯಾಡಿಸುತ್ತಿದ್ದಳು. ಒಂದು ದಿನ ನಾನು ಓದದೇ ಇದ್ದ ಪೇಪರಿಗೂ ಕತ್ತರಿ ಬಿತ್ತು. ಆಟದ ಸುದ್ದಿಯಲ್ಲಿ ಗೆದ್ದವರು ಯಾರು ಎನ್ನುವ ಕಡೆ ಸರಿಯಾಗಿ ತೋಳಿನಾಕಾರದ ತೂತು. ನಾನು ಅಂಗಡಿಯಿಂದ ಹಳೆಯ ಪೇಪರಿನ ಕಟ್ಟು ಹೊತ್ತು ತರತೊಡಗಿದೆ. ಬಕೆಟ್ಟಿನ ಮುಂದೆ ಕೂತಾಗ ಕತ್ತರಿಯ ಮಾತು ಎತ್ತುವುದನ್ನು ಬಿಟ್ಟೆ. ಹೆಂಡತಿ ಇದನ್ನು ಗಮನಿಸಿದಳು. ತನ್ನ ಸಮವಸ್ತ್ರವನ್ನು ನನ್ನ ಬಕೆಟ್ಟಿನಿಂದ ವಾಪಸು ತೆಗೆದುಕೊಂಡಳು.

ಎರಡನೇ ವಾರದ ಕೊನೆಯಲ್ಲಿ ಅಮ್ಮ ಒಮ್ಮೆ ಕೈಚೆಲ್ಲಿ ಕೂತಳು. ಆಗುವುದಿಲ್ಲ, ನನ್ನ ಕತ್ತರಿ ತಂದುಕೊಡು ಎಂದಳು. ನಾನು ಚಪ್ಪಲಿ ಹಾಕಿಕೊಂಡೆ. ಹೆಂಡತಿ ಪಾಳಿಗೆ ಹೊರಟವಳು ನಿಂತು, ಅಮ್ಮನ ಹೆಬ್ಬೆರಳನ್ನು ಕೈಗೆ ತೆಗೆದುಕೊಂಡು ಒತ್ತಿ ನೋಡಿದಳು.

"ಇವತ್ತು ಎಷ್ಟು ಹೊತ್ತು ಕತ್ತರಿಸಿದ್ರಿ ಅತ್ತೆ?"

"ಬೆಳಿಗ್ಗೆಯಿಂದ."

"ನೋಯ್ತಾ ಇದೆಯಾ?"

ಅಮ್ಮ ಬೆರಳನ್ನು ಮಡಚಿದಳು, ಬಿಚ್ಚಿದಳು. ಕೋಪದಲ್ಲಿ ಅದನ್ನು ನೋಡಿಕೊಳ್ಳುವುದೇ ಮರೆತಿದ್ದಳು. ಇಲ್ಲ ಎಂದಳು. ನಾನು ಚಪ್ಪಲಿ ಬಿಚ್ಚಿಟ್ಟೆ.

ಅದಾಗಿ ನಾಲ್ಕನೆಯ ದಿನ ನಾನು ಹಿತ್ತಲಲ್ಲಿ ಪರದೆ ಹಿಂಡುತ್ತಿದ್ದಾಗ ಒಳಗಿನಿಂದ ಒಂದು ಸದ್ದು ಕೇಳಿಸಿತು. ಹಳೆಯ ಕತ್ತರಿಯದು ಜಗಿಯುವ ಸದ್ದು, ಅದರ ಜೊತೆಗೇ ಬೆಳೆದವನು ನಾನು. ಇದು ಹಾಗಿರಲಿಲ್ಲ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿನಲ್ಲಿ ಹೋದ ಸದ್ದು. ಒದ್ದೆ ಕೈಯಲ್ಲೇ ಒಳಗೆ ಓಡಿದೆ. ಅಮ್ಮ ನೆಟ್ಟಗೆ ನಿಂತಿದ್ದಳು. ಅವಳು ಬಗ್ಗದೆ ಕತ್ತರಿಸುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಾಗದವಲ್ಲ, ನನ್ನ ಹರಿದ ಹೊದಿಕೆಯೊಂದು ಗೆರೆಯ ಮೇಲೇ ಎರಡಾಗಿ ಬಿದ್ದಿತ್ತು. ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಮೂರು ವಾರ ತುಂಬಿದ ದಿನ ನಾವು ನಾಲ್ಕೂ ಜನ ಆ ಓಣಿಗೆ ಹೋದೆವು. ಬೇಕರಿಯಿಂದ ಒಂದು ಕೇಕು ತೆಗೆದುಕೊಂಡು ಹೋಗಿದ್ದೆವು. ಅಮ್ಮ ಅವರೆದುರು ಕೂತು ತೆಳುಬಟ್ಟೆಯೊಂದನ್ನು ಕತ್ತರಿಸಿ ತೋರಿಸಿದಳು. ಆಕೆ ಕಣ್ಣು ಮುಚ್ಚಿಕೊಂಡು ಆ ಸದ್ದನ್ನು ಕೇಳಿದರು. ಆಮೇಲೆ ಟವೆಲಿನ ಗಂಟನ್ನು ತಂದು ಮುಂದೆ ಇಟ್ಟರು. ಅಮ್ಮ ಅದನ್ನು ಬಿಚ್ಚಿ, ಹಳೆಯ ಕತ್ತರಿಯನ್ನು ಒಂದು ಸಲ ಸವರಿ, ಟವೆಲನ್ನು ಮಾತ್ರ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಇದು ನಿಮ್ಮ ಹತ್ರಾನೇ ಇರ್ಲಿ. ನನ್ನಂಥವರು ಯಾರಾದ್ರೂ ಬಂದ್ರೆ ತೋರಿಸಿ" ಎಂದಳು. ಇನ್ನು ನಿಮ್ಮದೇನು ಎಂಬಂತೆ ಆಕೆ ನನ್ನತ್ತ ನೋಡಿದರು. ನಾನು ಕೇಕಿನ ಡಬ್ಬಿ ಮುಂದೆ ಮಾಡಿದೆ. ತುಂಬಾ ಉಪಕಾರ ಆಯಿತು ಎಂದೆ. ಅಂಗಡಿಯಲ್ಲಿ ದಿನಕ್ಕೆ ನೂರು ಸಲ ಹೇಳುವ ಮಾತು ಅದು, ಅವತ್ತು ಹೇಳುವಾಗ ನಾಲಿಗೆ ತೊದಲಿತು.

ಕೈ ಪಳಗಿದ ಮೇಲೆ ಹೊಸ ಕತ್ತರಿಯಲ್ಲಿ ಅಮ್ಮ ಮೊದಲು ಹಿಡಿದ ಕೆಲಸ ಬೇಕರಿಯವರ ಕೋಟು. ಎರಡನೆಯದು ದಪ್ಪ ರೆಕ್ಸಿನ್ನಿನ ಒಂದು ಏಪ್ರನ್ನು, ನನಗೆ. ಬಟ್ಟೆ ಒಗೆಯುವಾಗ ಹೊಟ್ಟೆ ನೆನೆಯಬಾರದು ಎಂದು. ಯಂತ್ರಕ್ಕೆ ಇನ್ನೂ ನಾಲ್ಕೈದು ತಿಂಗಳು ಬೇಕು, ಅದನ್ನು ತಾನೇ ಕೊಡಿಸುತ್ತೇನೆ ಎಂದು ಅಮ್ಮ ಹೇಳಿದ್ದಾಳೆ. ಹೇಳುವಾಗ ಯಾರನ್ನೂ ಕೇಳದೆ ಎದ್ದು ಹೋಗಿ, ಹಾಲು ಜಾಸ್ತಿ ಹಾಕಿ ಚಹಾ ಮಾಡಿಕೊಂಡು ಬಂದಳು. ನನ್ನ ಹೆಂಡತಿ ನನ್ನತ್ತ ನೋಡಿದಳು. ನಾನು ಏಪ್ರನ್ನಿನ ದಾರ ಕಟ್ಟಿಕೊಂಡೆ.

ಮೊನ್ನೆ ಅಂಗಡಿಗೆ ಒಬ್ಬ ಹೆಂಗಸು ಬಂದರು. ಕುತ್ತಿಗೆಯಲ್ಲಿ ಅಳತೆಪಟ್ಟಿ, ಮುಖದ ತುಂಬ ಅವಸರ. ಬಟ್ಟೆ ಕತ್ತರಿಸುವ ಕತ್ತರಿ, ಗಟ್ಟಿಯಾದದ್ದು ಒಂದು ಕೊಡಿ ಎಂದರು. ಕಪಾಟಿನಿಂದ ತೆಗೆದು ಕೌಂಟರಿನ ಮೇಲೆ ಇಡುವ ಮೊದಲು ಕೈ ತಾನಾಗಿಯೇ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಕೇಳದ ಪ್ರಶ್ನೆ ಕೇಳಿದೆ.

"ಯಾವ ಕೈಗೆ ಅಮ್ಮ?"

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಕೇಳಿದೆ. ಅವರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು, ಆಮೇಲೆ ಚೀಲವನ್ನು ಬಲಗೈಗೆ ದಾಟಿಸಿ ಎಡಗೈಯನ್ನು ಕೌಂಟರಿನ ಮೇಲೆ ಇಟ್ಟರು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು. ನಾನು ತೆಗೆದ ಕತ್ತರಿಯನ್ನು ಕಪಾಟಿಗೆ ವಾಪಸು ಇಟ್ಟು, ಒಂದು ಚೀಟಿ ಹರಿದು, ಮೋಟಾರು ಗ್ಯಾರೇಜಿನ ಹಿಂದಿನ ಓಣಿಯ ವಿಳಾಸ ಬರೆಯತೊಡಗಿದೆ. ಹಿಂದಿನಿಂದ ಅಂಗಡಿಯ ಯಜಮಾನರು ಕೆಮ್ಮಿದರು. ನಾನು ಅಕ್ಷರ ದುಂಡಗೆ ಮಾಡಿ ಬರೆದು ಮುಗಿಸಿದೆ.